ಸಾಂಬ್ರಾಣಿ ಎಂದರೆ ಹೊಗೆಯಲ್ಲ

ಗೋಣಿಚೀಲದ ಒಂದು ತುದಿ ವೇದಾವತಿಯವರ ಕೈಯಲ್ಲಿದೆ, ಇನ್ನೊಂದು ತುದಿ ಟೆಂಪೋ ಡ್ರೈವರ್ ಜೈಭೀಮನ ಕೈಯಲ್ಲಿ. ಒಳಗೆ ಗೋಲಿಗಿಂತ ದೊಡ್ಡ, ನಿಂಬೆಹಣ್ಣಿಗಿಂತ ಸಣ್ಣ ಬಟಾಟೆಗಳು, ಎರಡು ಹಿಡಿ ಕಲ್ಲುಪ್ಪು, ಒಂದು ಚೊಂಬು ನೀರು. ಇಬ್ಬರೂ ಚೀಲವನ್ನು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತಾರೆ. ಕೈ ಸೋತಾಗ ನೆಲಕ್ಕಿಳಿಸಿ, ಮೊಣಕಾಲೂರಿ, ಬಟ್ಟೆ ಒಗೆಯುವವರಂತೆ ಉಜ್ಜುತ್ತಾರೆ. ಕೋಪರಿಯಲ್ಲಿ ಕೇಟರಿಂಗಿನವರ ಈ ತಗಡಿನ ಶೆಡ್ಡಿನ ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಠಾಣೆ ಸ್ಟೇಷನ್ನಿನ ಮೈಕು ಮಾತ್ರ ಎದ್ದಿದೆ. ಕರ್ಜತ್ ಗಾಡಿ ತಡವಾಗಿದೆ ಎಂದು ಮೂರು ಭಾಷೆಯಲ್ಲಿ ಕ್ಷಮೆ ಕೇಳುತ್ತಿದೆ.

“ಅಷ್ಟು ಜೋರು ಬೇಡ ಮಾರಾಯ. ಸಿಪ್ಪೆ ಹೋದ್ರೆ ಸಾಕು, ಜೀವ ಹೋಗುದು ಬೇಡ,” ಎನ್ನುತ್ತಾರೆ ವೇದಾವತಿ.

“ಯವ್ವಾ, ಆಲೂಗಡ್ಡಿಗೆ ಎಲ್ಲೀದು ಜೀವಾ? ಜೀವಾ ಹೋಗಾಕತ್ತಿದ್ದು ನಂದು,” ಎನ್ನುತ್ತಾನೆ ಜೈಭೀಮ.

ಜೈಭೀಮನ ಹಿರಿಯರು ಕಲಬುರಗಿ ಕಡೆಯವರು, ಅವನು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಗಾಡಿ ಓಡಿಸುವುದಷ್ಟೇ ಅವನ ಕೆಲಸ. ಗೋಣಿ ಹಿಡಿಯಬೇಕೆಂದು ಯಾರೂ ಹೇಳಿಲ್ಲ. ಹಿಡಿಯದಿದ್ದರೆ ಆಕೆ ಒಬ್ಬರೇ ಉಜ್ಜುತ್ತಾರೆ, ಉಜ್ಜುತ್ತ ಕೆಮ್ಮುತ್ತಾರೆ. ಅದನ್ನು ನೋಡಲಾರದೆ ಹಿಡಿಯುತ್ತಾನೆ. ಚೀಲ ಬಿಚ್ಚಿ ನೀರಿಗೆ ಸುರಿದಾಗ ಬಟಾಟೆಗಳು ಬೆಳ್ಳಗೆ, ಅಲ್ಲಲ್ಲಿ ಒಂದು ಚೂರು ಕಂದು ಸಿಪ್ಪೆ ಉಳಿಸಿಕೊಂಡು, ಆಗಷ್ಟೇ ಸ್ನಾನ ಮಾಡಿಸಿದ ಮಕ್ಕಳ ತಲೆಗಳಂತೆ ಹೊಳೆಯುತ್ತವೆ.

ಶೆಡ್ಡಿನಲ್ಲಿ ಸಿಪ್ಪೆ ಸುಲಿಯುವ ಯಂತ್ರವೊಂದು ಇದೆ. ಕರೆಂಟು ಕೊಟ್ಟರೆ ಗಿರಗಿರನೆ ತಿರುಗಿ ಮೂಟೆಗಟ್ಟಲೆ ಸುಲಿದು ಹಾಕುತ್ತದೆ. ಉಳಿದೆಲ್ಲ ಅಡುಗೆಗೆ ವೇದಾವತಿಯವರೂ ಅದನ್ನೇ ಬಳಸುತ್ತಾರೆ. ಈ ಒಂದು ಪದಾರ್ಥಕ್ಕೆ ಮಾತ್ರ ಗೋಣಿಯೇ ಆಗಬೇಕು. ಏಕೆಂದರೆ ಅವರ ಕೈ ಉಜ್ಜುತ್ತಿರುವುದು ಬಟಾಟೆಯನ್ನಾದರೂ, ಆ ಕೈಗೆ ನೆನಪಿರುವುದು ಬೇರೆಯದೇ ಒಂದು ಗೆಡ್ಡೆ.

ಕಟಪಾಡಿಯ ಬಳಿಯ ಅವರ ತವರಿನಲ್ಲಿ ಆ ಗೆಡ್ಡೆಗೆ ಸಾಂಬ್ರಾಣಿ ಎನ್ನುತ್ತಾರೆ. ಮಳೆಗಾಲದಲ್ಲಿ ಬಳ್ಳಿ ನೆಟ್ಟರೆ ಚಳಿ ಹಿಡಿಯುವ ಹೊತ್ತಿಗೆ ಮಣ್ಣಿನೊಳಗೆ ಗೊಂಚಲು ಗೊಂಚಲಾಗಿ ಸಿಗುವ ಪುಟ್ಟ ಗೆಡ್ಡೆ. ಮೈಮೇಲೆ ಕಪ್ಪು ತೆಳು ಸಿಪ್ಪೆ. ಒಂದೊಂದನ್ನೇ ಕತ್ತಿಯಲ್ಲಿ ಕೆರೆಯಲು ಹೋದರೆ ಮಧ್ಯಾಹ್ನದ ಅಡುಗೆ ರಾತ್ರಿಗೆ ಆದೀತು; ಅದಕ್ಕೇ ಗೋಣಿಯಲ್ಲಿ ಹಾಕಿ ಉಜ್ಜುವುದು. ಬೇಯಿಸಿ, ಒಗ್ಗರಣೆ ಕೊಟ್ಟು, ಕುಚ್ಚಲಕ್ಕಿ ಗಂಜಿಯ ಬದಿಗೆ ಬಡಿಸಿದರೆ ಜ್ವರ ಬಂದವನಿಗೂ ಬಾಯಿ ರುಚಿ ಬರುತ್ತದೆ. ಉಡುಪಿ ಕಡೆಯವರಿಗೆ ಸಾಂಬ್ರಾಣಿ ಎಂದರೆ ಬಾಯಲ್ಲಿ ನೀರು. ಘಟ್ಟದ ಮೇಲಿನ ಕನ್ನಡಿಗರಿಗೆ, ತಮಿಳರಿಗೆ, ಇನ್ನೂ ಬಹಳ ಜನಕ್ಕೆ ಸಾಂಬ್ರಾಣಿ ಎಂದರೆ ಕೆಂಡದ ಮೇಲೆ ಹಾಕುವ ಧೂಪ. ಒಂದೇ ಮಾತು, ಒಂದು ಹೊಟ್ಟೆಗೆ, ಒಂದು ದೇವರಿಗೆ. ವೇದಾವತಿಯವರ ಎದೆ ಹಾಳಾದದ್ದು ಈ ಎರಡರ ನಡುವೆ.

*

ಶ್ರೀವಾಣಿ ಕೇಟರರ್ಸ್ ಎಂಬ ಹೆಸರು ಠಾಣೆ, ಡೊಂಬಿವಲಿ, ನವಿ ಮುಂಬಯಿಯ ನಮ್ಮವರ ಮದುವೆ ಮುಂಜಿಗಳಲ್ಲಿ ಹೊಸದಲ್ಲ. ಅವರ ಬಫೆಯ ಸಾಲಿನಲ್ಲಿ ಎಲ್ಲಿ ಜನ ಹೆಚ್ಚು ಮುತ್ತಿರುತ್ತಾರೋ ಅಲ್ಲಿಯೇ ಬೆಣ್ಣೆ ಬಟಾಟೆಯ ಕೌಂಟರ್ ಇದೆ ಎಂದು ತಿಳಿಯಬೇಕು. ಕೌಂಟರಿನ ಹಿಂದೆ ಆಳೆತ್ತರದ ಒಂದು ಹಸಿರು ಗೋಡೆ. ಪ್ಲಾಸ್ಟಿಕ್ ಎಲೆ, ಪ್ಲಾಸ್ಟಿಕ್ ಬಳ್ಳಿ. ಮುಂದೆ ಉದ್ದ ಬಿಳಿ ಟೊಪ್ಪಿಯ ತರುಣನೊಬ್ಬ ನಿಂತು, ಹುರಿದು ಬಂದ ಬಟಾಟೆಯನ್ನು ಪ್ಯಾನಿನಲ್ಲಿ ಒಂದೆರಡು ಸಲ ಹಾರಿಸಿ ತಟ್ಟೆಗೆ ಹಾಕುತ್ತಾನೆ. ಜನ ಅವನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆ ಎಲೆಗೋಡೆಯಲ್ಲಿ ಒಂದು ಕಿಂಡಿ ಇದೆ. ಕಿಂಡಿಯ ಆಚೆ, ಎರಡು ಗ್ಯಾಸ್ ಒಲೆ ಮತ್ತು ಒಂದು ಕಬ್ಬಿಣದ ಕಾವಲಿಯ ನಡುವೆ ವೇದಾವತಿ ಇದ್ದಾರೆ. ಎಲೆಮರೆಯ ಕಾಯಿ ಎಂದು ಪತ್ರಿಕೆಗಳು ಹೊಗಳಿಕೆಗೆ ಬರೆಯುವುದುಂಟು. ಅವರನ್ನು ನಿಜವಾಗಿಯೇ ಎಲೆಯ ಮರೆಯಲ್ಲಿ ನಿಲ್ಲಿಸಿದ್ದಾರೆ. ಎಲೆಯೂ ನಿಜದ್ದಲ್ಲ.

“ಮುಂದೆ ನಿಲ್ಲಿಸಿದ್ರೆ ನಾನು ಎಂತ ಮಾಡ್ಲಿ? ಟೊಪ್ಪಿ ಹಾಕಿಕೊಂಡು ಬಟಾಟೆ ಹಾರಿಸ್ಲಿಕ್ಕೆ ನನಗೆ ಬರುದಿಲ್ಲ. ಹಿಂದೆ ಇರುದಕ್ಕೆ ಬೇಜಾರಿಲ್ಲ. ಹೊಗೆಗೆ ಬೇಜಾರು,” ಎನ್ನುತ್ತಾರೆ ಅವರು.

ಅವರು ಮಾಡುವ ವಿಧಾನ ನೋಡಬೇಕು. ಉಪ್ಪು ನೀರಿನಲ್ಲಿ ಬೆಂದ ಬಟಾಟೆಯನ್ನು ಬಸಿದು, ಬಟ್ಟೆಯ ಮೇಲೆ ಹರಡಿ, ಮೈ ಪೂರ್ತಿ ಆರುವ ತನಕ ಕಾಯುತ್ತಾರೆ. ಆಮೇಲೆ ಸ್ಟೀಲ್ ಲೋಟದ ತಳದಿಂದ ಒಂದೊಂದನ್ನೂ ಮೆಲ್ಲಗೆ ಒತ್ತುತ್ತಾರೆ. ಜಜ್ಜುವುದಿಲ್ಲ, ಅಂಚು ಬಿರಿದು ಒಳಗಿನ ಹಿಟ್ಟು ತುಸು ಇಣುಕಿದರೆ ಸಾಕು. ಕಾವಲಿಯಲ್ಲಿ ಬೆಣ್ಣೆ ಕರಗಿ, ನೊರೆ ಇಳಿದು, ಸದ್ದು ಸಣ್ಣಗಾದಾಗ ಬಟಾಟೆಯನ್ನು ಅದರಲ್ಲಿ ಕೂರಿಸಿ ಕೈ ಕಟ್ಟಿ ನಿಲ್ಲುತ್ತಾರೆ. ಹೊಸಬರು ಸೋಲುವುದು ಇಲ್ಲಿಯೇ. ಕೈ ಸುಮ್ಮನಿರುವುದಿಲ್ಲ, ಸೌಟು ಹಾಕಿ ಕೆದಕುತ್ತಾರೆ, ಆಗ ಹೊಂಬಣ್ಣದ ಗರಿಗರಿ ಪದರ ಕಾವಲಿಗೇ ಅಂಟಿ ಉಳಿಯುತ್ತದೆ. “ಮಲಗಿದ ಮಗುವನ್ನು ಯಾರಾದ್ರೂ ಎಬ್ಬಿಸಿ ನೋಡ್ತಾರಾ, ನಿದ್ದೆ ಬಂತಾ ಅಂತ?” ಎಂದು ಕೇಳುತ್ತಾರೆ. ತಿರುವಿ ಹಾಕಿದ ಮೇಲೆ ಕುಟ್ಟಿದ ಕಾಳುಮೆಣಸು, ಜೀರಿಗೆ. ಒಲೆ ಆರಿಸಿದ ಮೇಲೆ, ಕೊಟ್ಟಕೊನೆಗೆ, ಸಣ್ಣಗೆ ಹೆಚ್ಚಿದ ದೊಡ್ಡಪತ್ರೆ ಎಲೆ. ಅದನ್ನು ಅವರು ತಮ್ಮ ಕೋಣೆಯ ಕಿಟಕಿಯ ಗ್ರಿಲ್ಲಿನಲ್ಲಿ, ಬಣ್ಣದ ಹಳೆಯ ಬಕೆಟುಗಳಲ್ಲಿ ಬೆಳೆಸುತ್ತಾರೆ. ಎಲೆ ಬೆಂಕಿಗೆ ಬಿದ್ದರೆ ಕಹಿ. ಬಿಸಿ ಬೆಣ್ಣೆಗೆ ಬಿದ್ದರೆ ಓಮದ ಘಮ. ಇಷ್ಟೇ ಸಂಗತಿ. ತಿಂದವರು ಇದಕ್ಕೇನೋ ಮಂತ್ರವಿದೆ ಎಂಬಂತೆ ಮತ್ತೆ ತಟ್ಟೆ ಚಾಚುತ್ತಾರೆ. ಅನ್ನ ಸಾರಿನ ಪಕ್ಕಕ್ಕೆ ಹಾಕಿಸಿಕೊಂಡು ಮೂಲೆಯ ಕುರ್ಚಿಗೆ ಹೋಗಿ, ಯಾರೊಡನೆಯೂ ಮಾತಾಡದೆ ತಿನ್ನುವ ವಯಸ್ಸಾದವರೂ ಇದ್ದಾರೆ.

*

ವೇದಾವತಿಯವರ ಗಂಡ ದೇವದಾಸ್ ಠಾಣೆಯ ಒಂದು ಚೌಕದಲ್ಲಿ ವಸಂತಕುಮಾರರ ಸಸ್ಯಾಹಾರಿ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಬಿಲ್ಲು ಬರೆಯುತ್ತಿದ್ದವರು. ಕಾಮಾಲೆ ಬಂದು, ಅದನ್ನು ಕೆಲಸದ ದಣಿವು ಎಂದುಕೊಂಡು, ಹಾಗೆಯೇ ಹೋಗಿಬಿಟ್ಟರು. ಅಂದು ಹೋಟೆಲು ಮುಚ್ಚಿ ಸ್ಮಶಾನದವರೆಗೆ ಬಂದವರು ವಸಂತಕುಮಾರರು. ಮಗಳು ಅನುಷ್ಕಾ ಆಗಿನ್ನೂ ಶಾಲೆಯಲ್ಲಿದ್ದಳು. ಹದಿಮೂರನೆಯ ದಿನ ಕಳೆದ ಮೇಲೆ ವಸಂತಕುಮಾರರು ಮನೆಗೆ ಬಂದು, “ಒಳಗೆ ಅಡುಗೆಗೆ ಬಾ ವೇದಕ್ಕ. ಇನ್ನೊಬ್ಬರ ಮನೆ ಪಾತ್ರೆ ತಿಕ್ಕುವುದು ಬೇಡ,” ಎಂದರು. ಆ ಒಂದು ಮಾತಿನ ಮೇಲೆ ಅವರು ಇಷ್ಟು ವರ್ಷ ನಿಂತಿದ್ದಾರೆ. ವಸಂತಣ್ಣ ಎನ್ನುವಾಗ ಇಂದಿಗೂ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ.

ಆ ಹೋಟೆಲು ಈಗ ಕನ್ನಡಕದ ಅಂಗಡಿ. ವಸಂತಕುಮಾರರಿಗೆ ಹೃದಯದ ಆಪರೇಷನ್ ಆಗಿ, ಅವರು ಸಾನಪಾಡಾದ ಫ್ಲ್ಯಾಟಿಗೆ ಹೋದರು. ಅವರದೇ ಆದ ಶ್ರೀವಾಣಿ ಕೇಟರರ್ಸನ್ನು ಮಗ ಕೌಶಲ್ ವಹಿಸಿಕೊಂಡ. ವೇದಾವತಿ ಎತ್ತಿ ಆಡಿಸಿದ ಹುಡುಗ. ಕನ್ನಡ ಅರ್ಥವಾಗುತ್ತದೆ ಎನ್ನುತ್ತಾನೆ, ತುಳುವೂ ಕೂಡ. ಉತ್ತರ ಬರುವುದು ಹಿಂದಿಯಲ್ಲಿ. ಕೆಟ್ಟವನಲ್ಲ. ಕೆಲಸದವರ ಮೇಲೆ ಕೂಗಾಡುವುದಿಲ್ಲ, ಹಬ್ಬಕ್ಕೆ ಸೀರೆ ಮರೆಯುವುದಿಲ್ಲ. ಎಲ್ಲರ ಮಾತನ್ನೂ ಅರ್ಧ ಕೇಳುತ್ತಾನೆ, ಅಷ್ಟೇ.

ಊರಿನ ಗೆಡ್ಡೆ ಇಲ್ಲಿ ಸಿಗದೆ, ಮಾರುಕಟ್ಟೆಯ ಸಣ್ಣ ಬಟಾಟೆಯನ್ನು ಅದೇ ಕ್ರಮದಲ್ಲಿ ಉಜ್ಜಿ, ಎಣ್ಣೆಯ ಜಾಗಕ್ಕೆ ಬೆಣ್ಣೆ ಹಾಕಿ ಕೆಲಸದವರ ಊಟಕ್ಕೆಂದು ವೇದಾವತಿ ಒಂದು ದಿನ ಮಾಡಿದ್ದರು. ಕೌಶಲ್ ನಿಂತಲ್ಲೇ ಒಂದು ತಿಂದ, ಕುಳಿತು ಇನ್ನೊಂದು ತಿಂದ.

“ಆಂಟಿ, ಇಸ್ಕಾ ನಾಮ್ ಕ್ಯಾ ಹೈ?”

“ಹೆಸರೆಂತ ಮಗಾ? ನಮ್ಮಲ್ಲಿ ಸಾಂಬ್ರಾಣಿಯದ್ದು ಮಾಡುದು ಹೀಗೆ.”

“ಸಾಂಬ್ರಾಣಿ!” ಅವನು ಆಗಲೇ ಮೊಬೈಲಿನಲ್ಲಿ ನೋಡುತ್ತಿದ್ದ. ಮೊಬೈಲು ಅವನಿಗೆ ಕೆಂಡ, ಧೂಪ, ದೇವಸ್ಥಾನದ ಹೊಗೆ ತೋರಿಸಿತು. “ಧೂಪ್ ವಾಲಾ? ಅರೇ ವಾಹ್, ಆಂಟಿ!”

ವಾಹ್ ಎಂದದ್ದು ರುಚಿಗೆ ಎಂದುಕೊಂಡು ವೇದಾವತಿ ನಕ್ಕರು. ತಾವು ನಕ್ಕದ್ದು ಅವರಿಗೆ ಇಂದಿಗೂ ನೆನಪಿದೆ. ಮುಂದಿನ ವಾರ ಡೊಂಬಿವಲಿಯ ಒಂದು ಮದುವೆಯಲ್ಲಿ ಹೊಸ ಬೋರ್ಡು ಬಂತು. ಇಂಗ್ಲಿಷ್ ಅವರಿಗೆ ಓದಲು ಬಾರದು. ಚಿತ್ರದಲ್ಲಿ ಬಟಾಟೆಯ ಮೇಲೆ ಬಿಳಿ ಬಿಳಿ ಸುರುಳಿ ಎದ್ದಿತ್ತು; ಬಿಸಿಬಿಸಿ ಇದೆ ಎಂದು ಆವಿ ಬರೆದಿದ್ದಾರೆ ಅಂದುಕೊಂಡರು. ಅರ್ಧ ಗಂಟೆ ಕಳೆದ ಮೇಲೆ ಎಲೆಗೋಡೆಯ ಬುಡದಲ್ಲಿ, ಅವರ ಕಾಲಿನ ಹತ್ತಿರವೇ, ಮಣ್ಣಿನ ಧೂಪಾರತಿಗಳನ್ನು ಸಾಲಾಗಿ ಇಟ್ಟರು. ಕೆಂಡ ಹಾಕಿದರು. ಕೆಂಡದ ಮೇಲೆ ಧೂಪದ ಪುಡಿ. ಹಿಂದಿನಿಂದ ಒಂದು ಪುಟ್ಟ ಫ್ಯಾನು. ಹೊಗೆ ಎಲೆಗಳ ಸಂದಿಯಿಂದ ಮುಂದಕ್ಕೆ ನುಸುಳಿ, ಕೌಂಟರಿನ ಮೇಲೆ ಮೋಡದಂತೆ ಹಾಯಬೇಕು ಎಂಬುದು ಲೆಕ್ಕಾಚಾರ. ಹಾಯಿತು ಕೂಡ. ಅರ್ಧ ಮಾತ್ರ. ಉಳಿದರ್ಧ ಹಿಂದೆಯೇ ಉಳಿಯಿತು.

ಮಾರನೆಯ ದಿನ ಶೆಡ್ಡಿನಲ್ಲಿ ಅವರು ಕೌಶಲ್‌ನನ್ನು ನಿಲ್ಲಿಸಿ ಹೇಳಿದರು: “ಮಗಾ, ಸಾಂಬ್ರಾಣಿ ಅಂದ್ರೆ ಹೊಗೆ ಅಲ್ಲ. ಅದು ಗೆಡ್ಡೆ. ಮಣ್ಣಿನೊಳಗೆ ಆಗುದು. ನಿನ್ನ ಅಪ್ಪನನ್ನು ಕೇಳು.”

ಕೌಶಲ್ ಜೋರಾಗಿ ನಕ್ಕ. ತನ್ನ ತಪ್ಪಿಗೆ ತಾನೇ ನಕ್ಕ. ಅಷ್ಟು ಒಳ್ಳೆಯತನ ಅವನಲ್ಲಿದೆ. ನಕ್ಕು ಮುಗಿದ ಮೇಲೆ ಹೇಳಿದ, “ಆಂಟಿ, ಗೆಡ್ಡಾ ಕೌನ್ ದೇಖೇಗಾ? ಧುಆಂ ಸಬ್ ದೇಖ್ತೇ ಹೈಂ.”

ಗೆಡ್ಡೆಯನ್ನು ಯಾರು ನೋಡುತ್ತಾರೆ, ಹೊಗೆಯನ್ನು ಎಲ್ಲರೂ ನೋಡುತ್ತಾರೆ. ಅವನು ಹೇಳಿದ್ದು ಸುಳ್ಳಾಗಲಿಲ್ಲ. ಮದುವೆಯ ವಿಡಿಯೋಗಳಲ್ಲಿ ಆ ಹೊಗೆ ಊರೆಲ್ಲ ಓಡಾಡಿತು. ‘ದೇವಸ್ಥಾನದ ಪರಂಪರೆಯ ಪಾಕ’ ಎಂದು ಯಾರೋ ಬರೆದರು. ಕೌಶಲ್‌ನ ಅಜ್ಜಿ ಹೀಗೆ ಧೂಪ ಹಾಕಿ ಅಡುಗೆ ಮಾಡುತ್ತಿದ್ದರು ಎಂದು ಇನ್ನಾರೋ ಸೇರಿಸಿದರು. ಆ ಅಜ್ಜಿ ಧೂಪ ಹಾಕುತ್ತಿದ್ದದ್ದು ಸೊಳ್ಳೆಗೆ ಎಂದು ವೇದಾವತಿಗೆ ಗೊತ್ತು.

“ನಾನ್ ಸುರುವಿಗೆ ಈ ಅವ್ವ ಊದಾ ಹಾಕಿ ಪಲ್ಲ್ಯಾ ಮಾಡ್ತಾಳಂತ ತಿಳಕೊಂಡಿದ್ದೆ ನೋಡ್ರಿ. ತಿನ್ನಾಕಽ ಅಂಜಿಕಿ ಬಂದಿತ್ತು,” ಎಂದು ಜೈಭೀಮ ನಗುತ್ತಾನೆ. ಅವನ ಕನ್ನಡದಲ್ಲಿ ಧೂಪಕ್ಕೆ ಊದು ಎಂದು ಹೆಸರು.

*

ಹೊಗೆ ಮೊದಲು ಕಣ್ಣಿಗೆ ಬಂತು, ಆಮೇಲೆ ಗಂಟಲಿಗೆ, ಈಗ ಎದೆಯಲ್ಲಿ ಮನೆ ಮಾಡಿದೆ. ಸೀಸನ್ನಿನಲ್ಲಿ ವಾರಕ್ಕೆ ಮೂರು ನಾಲ್ಕು ಕಾರ್ಯಕ್ರಮ. ಮುಗಿಸಿ ಬಂದ ರಾತ್ರಿ ಮಲಗಿದರೆ ಉಸಿರು ಸೀಟಿ ಹೊಡೆಯುತ್ತದೆ; ಎರಡು ದಿಂಬು ಒರಗಿಸಿ ಕುಳಿತೇ ಬೆಳಗು ಮಾಡುತ್ತಾರೆ. ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್-ರೇ ಎತ್ತಿ ಹಿಡಿದು, “ಆಜಿ, ಧುರಾತ್ ಕಾಮ್ ಕರಾಯ್ಚಂ ನಾಹೀ,” ಎಂದರು. ಹೊಗೆಯಲ್ಲಿ ಕೆಲಸ ಮಾಡಕೂಡದು. ಮನೆಯಲ್ಲಿ ಸೌದೆ ಒಲೆಯೇ ಎಂದು ಕೇಳಿದರು. ಅಲ್ಲ, ಗ್ಯಾಸು. ಹಾಗಾದರೆ ಹೊಗೆ ಎಲ್ಲಿಂದ? ವೇದಾವತಿ ಬಾಯಿ ತೆರೆದರು. ಒಂದು ಮಾತಿನ ಅರ್ಥ ತಪ್ಪಿ ಹೊಗೆಯಾಯಿತು ಎಂದು ಹೇಳುವಷ್ಟು ಮರಾಠಿ ಅವರಲ್ಲಿರಲಿಲ್ಲ. “ಲಗ್ನಾತ್,” ಎಂದಷ್ಟೇ ಹೇಳಿದರು. ಮದುವೆಯಲ್ಲಿ. ಡಾಕ್ಟರಮ್ಮ ಹೋಮದ ಹೊಗೆ ಎಂದು ತಿಳಿದು, ದೂರ ಕುಳಿತುಕೊಳ್ಳಿ ಎಂದು ಬುದ್ಧಿ ಹೇಳಿ ಕಳಿಸಿದರು.

ಕೆಲಸ ಬಿಡು ಎನ್ನುವುದು ಸುಲಭ. ಡೊಂಬಿವಲಿಯಲ್ಲಿರುವ ಅನುಷ್ಕಾ ವಾರಕ್ಕೊಮ್ಮೆ ಫೋನಿನಲ್ಲಿ ಅದನ್ನೇ ಹೇಳುತ್ತಾಳೆ, “ಆಯೀ, ಸೋಡ್ ನಾ ಆತಾ.” ಬಿಟ್ಟರೆ ವೇದಾವತಿಯವರಿಗೆ ಉಳಿಯುವುದೇನು? ಅವರು ಬೇಡುವುದು ಬಿಡುಗಡೆಯನ್ನಲ್ಲ. ಕಾವಲಿಯ ಮುಂದೆ ನಿಲ್ಲುವ ಆ ಜಾಗ ಅವರಿಗೆ ಬೇಕು, ಹೊಗೆ ಬೇಡ. ಎರಡರಲ್ಲಿ ಒಂದು ಹೋಗಬೇಕು, ಯಾವುದು ಎನ್ನುವುದು ಅವರ ಕೈಯಲ್ಲಿಲ್ಲ. ಕೌಶಲ್‌ಗೆ ಮತ್ತೊಮ್ಮೆ ಹೇಳಿದಾಗ ಅವನು ಒಂದು ಡಬ್ಬ ಮಾಸ್ಕ್ ತರಿಸಿಕೊಟ್ಟ. ಒಲೆಯ ಝಳದಲ್ಲಿ ಮಾಸ್ಕು ಬೆವರಿಗೆ ಒದ್ದೆಯಾಗಿ ಮೂಗಿಗೆ ಅಂಟಿತು. ಬೆಣ್ಣೆಯ ವಾಸನೆ ಹತ್ತದೆ ಒಂದು ಕಾವಲಿ ಬಟಾಟೆ ಕರಟಿಹೋಯಿತು.

ವಾಟ್ಸಾಪಿನಲ್ಲಿ ಬರೆದು ಹಾಕೋಣ ಎಂದಳು ಅನುಷ್ಕಾ. ವೇದಾವತಿ ಒಪ್ಪಲಿಲ್ಲ. “ಅದರಲ್ಲಿ ಹಾಕಿದ್ರೆ ಅವನು ಒಂದು ಹೆಬ್ಬೆರಳು ತೋರಿಸ್ತಾನೆ. ಆಯ್ತು, ಮುಗೀತು.”

ಅವರು ವಸಂತಣ್ಣನಿಗೇ ಕಾಗದ ಬರೆಯಲು ಕುಳಿತರು. ಸಾಂಬ್ರಾಣಿ ಎಂದರೆ ಏನೆಂದು ತಿಳಿದ ಧಣಿ ಅವರೊಬ್ಬರೇ. ಕನ್ನಡ ಓದಬಲ್ಲವರೂ ಅವರೊಬ್ಬರೇ. ಇದು ಕಳೆದ ಚೌತಿಯ ಹೊತ್ತಿನ ಮಾತು. ನಾಲ್ಕನೆಯ ಕ್ಲಾಸಿನ ಅಕ್ಷರ, ದಪ್ಪ ದಪ್ಪ, ಗೆರೆ ಮೀರದ್ದು. ‘ವಸಂತಣ್ಣನಿಗೆ ವೇದಾವತಿ ಮಾಡುವ ನಮಸ್ಕಾರಗಳು. ಇತ್ತ ಎಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ.’ ಕಾಗದ ಎಂದರೆ ಹಾಗೆಯೇ ಸುರುವಾಗಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಕಲಿತದ್ದನ್ನು ಬರೆದರು. ಬರೆದು, ಅಲ್ಲಿಗೇ ನಿಂತರು.

“ಇತ್ತ ಎಲ್ಲ ಕ್ಷೇಮ ಅಂತ ಬರೆದ ಮೇಲೆ ಕೆಮ್ಮಿನ ಸುದ್ದಿ ಹೇಗೆ ಬರೆಯುದು ಹೇಳಿ? ಒಂದು ಸುಳ್ಳಾಗ್ತದಲ್ಲ.”

ಕೊನೆಗೆ ಹೇಗೋ ಬರೆದು ಮುಗಿಸಿದರು. ಹೊಗೆಯ ವಿಷಯ, ಡಾಕ್ಟರ್ ಹೇಳಿದ್ದು, ಮಗನಿಗೆ ಒಂದು ಮಾತು ಹೇಳಿ ಎಂಬ ಬೇಡಿಕೆ. ಮಡಚಿ, ಎಕ್ಸ್-ರೇ ಇದ್ದ ಲಕೋಟೆಯಲ್ಲೇ ಇಟ್ಟರು. ಕಳಿಸಲಾಗಲಿಲ್ಲ. ವಸಂತಣ್ಣನಿಗೆ ಎದೆಯ ಆಪರೇಷನ್ ಆಗಿದೆ, ಈಗಲೇ ಬೇಡ ಎಂದುಕೊಂಡರು. ದೀಪಾವಳಿಗೆ, ಒಳ್ಳೆಯ ದಿನ ದೂರು ಬೇಡ ಎಂದುಕೊಂಡರು. ಮಗನ ಮೇಲೆ ಅಪ್ಪನಿಗೆ ಚಾಡಿ ಹೇಳಿದ ಹಾಗೆ ಆಗುತ್ತದಲ್ಲ ಎಂದೂ ಅನಿಸಿತು. ಸಾಂಬ್ರಾಣಿ ಎಂಬ ಮಾತು ಹುಟ್ಟಿದ್ದು ತಮ್ಮ ಬಾಯಿಯಿಂದಲೇ ತಾನೇ ಎಂದೂ. ಎಲ್ಲಕ್ಕಿಂತ ಕೆಳಗೆ, ಯಾರಿಗೂ ಹೇಳದ ಒಂದು ಭಯ: ಓದಿ, ಪಾಪ ವೇದಕ್ಕನಿಗೆ ವಯಸ್ಸಾಯಿತು, ಮನೆಗೆ ಕಳಿಸು ಎಂದುಬಿಟ್ಟರೆ?

“ತಾ ಇಲ್ಲೆ, ನಾನಽ ಕೊಟ್ಟು ಬರ್ತೀನಿ. ಸಾನಪಾಡಾ ಮ್ಯಾಲಿಂದನಽ ಹೊಕ್ಕೀನಿ ದಿನಾ,” ಎಂದು ಜೈಭೀಮ ಎಷ್ಟೋ ಸಲ ಕೇಳಿದ.

“ನೀನು ಕೊಟ್ರೆ ನೀನೇ ಬರೆಸಿದ್ದು ಅಂತಾರೆ. ನಿನ್ನ ಕೆಲಸವೂ ಹೋದೀತು. ಸುಮ್ಮನಿರು.”

*

ಕಳೆದ ತಿಂಗಳ ಒಂದು ಭಾನುವಾರ, ವಾಶಿಯ ಒಂದು ಸಭಾಗೃಹದಲ್ಲಿ ರಿಸೆಪ್ಷನ್. ಹುಡುಗಿಯ ಅಜ್ಜ ವಸಂತಕುಮಾರರ ಹಳೆಯ ಸ್ನೇಹಿತರು. ಅವರೂ ಬರುತ್ತಾರೆ ಎಂದು ಬೆಳಿಗ್ಗೆಯೇ ಸುದ್ದಿ ಇತ್ತು. ವೇದಾವತಿ ಒಳ್ಳೆಯ ಸೀರೆ ಉಟ್ಟು ಬಂದರು. ಹಿಂದೆ ನಿಲ್ಲುವವರಿಗೆ ಯಾವ ಸೀರೆಯಾದರೇನು ಎಂದು ಜೈಭೀಮ ಛೇಡಿಸಿದಾಗ, “ಹೊರಡುವಾಗ ಸಿಕ್ಕಿದ್ರೆ ನಮಸ್ಕಾರ ಮಾಡ್ಲಿಕ್ಕೆ ಬೇಡ್ವಾ?” ಎಂದರು. ವಿಟಾವಾ ದಾಟಿ ಐರೋಳಿಯ ರಸ್ತೆ ಹಿಡಿಯುವವರೆಗೂ ಟೆಂಪೋದಲ್ಲಿ ಕೆಮ್ಮು ಬರಲಿಲ್ಲ. ಅದೂ ಶುಭವೇ ಎಂದುಕೊಂಡರು. ಎಕ್ಸ್-ರೇಯ ಲಕೋಟೆ ಅಂದು ಅವರ ಚೀಲದಲ್ಲಿತ್ತು.

ಊಟದ ಹೊತ್ತು. ಅವರು ಕಾವಲಿಯ ಮೇಲೆ ಬಟಾಟೆ ಕೂರಿಸಿ ಕೈ ಕಟ್ಟಿ ನಿಂತಿದ್ದಾಗ ಎಲೆಗೋಡೆಯ ಆಚೆ ಆ ದನಿ ಕೇಳಿಸಿತು. ಆಪರೇಷನ್ನಿನ ನಂತರ ಸಣ್ಣಗಾಗಿದೆ, ಆದರೂ ಅದೇ ದನಿ.

“ಸಾಂಬ್ರಾಣಿ ಅಂತ ಬೋರ್ಡ್ ಹಾಕಿದ್ದೀ, ನಮ್ಮ ಗೆಡ್ಡೆ ಎಲ್ಲಿ ಸಿಕ್ಕಿತಪ್ಪ ಇವನಿಗೆ ಅಂತ ಓಡಿ ಬಂದೆ. ಇದು ಬಟಾಟೆ ಅಲ್ವಾ ಮಾರಾಯ!” ಸುತ್ತ ನಿಂತವರು ನಕ್ಕರು. ಆಮೇಲೆ ಚಮಚ ತಟ್ಟೆಗೆ ತಾಗಿದ ಸದ್ದು. ತಿನ್ನುತ್ತಿದ್ದಾರೆ. “ಆದ್ರೆ ರುಚಿ ಅದೇ. ಗೋಣಿಯಲ್ಲಿ ಉಜ್ಜಿದ್ದು ಇದು. ಪಕ್ಕಾ. ಯಾರು ಮಾಡಿದ್ದು?”

ವೇದಾವತಿಯವರ ಕೈ ಸೆರಗಿಗೆ ಹೋಯಿತು. ಮುಖ ಒರೆಸಿಕೊಂಡರು. ಕಿಂಡಿಯ ಕಡೆಗೆ ಒಂದು ಹೆಜ್ಜೆ ಇಟ್ಟರು.

“ಅಪನೀ ಟೀಮ್, ಪಪ್ಪಾ,” ಎಂದ ಕೌಶಲ್. ಅಷ್ಟರಲ್ಲಿ ಅಪ್ಪನ ಸ್ನೇಹಿತರು ಮೊಬೈಲು ತೆಗೆದಿದ್ದರು. ಅವರಿಗೋಸ್ಕರ ಅವನು ಕೈ ಬೀಸಿ ಹಿಂದಿನವರಿಗೆ ಸನ್ನೆ ಮಾಡಿರಬೇಕು. ಒಬ್ಬ ಬಂದು ಎಲ್ಲ ಧೂಪಾರತಿಗಳಿಗೂ ಒಮ್ಮೆಲೇ ಹಿಡಿ ತುಂಬ ಪುಡಿ ಹಾಕಿದ. ಬಿಳಿ ಹೊಗೆ ಗೋಡೆಯಂತೆ ಎದ್ದಿತು. ವೇದಾವತಿ ಉಸಿರು ಬಿಗಿ ಹಿಡಿದರು. ಬಾಯಿಗೆ ಸೆರಗು ಒತ್ತಿದರು. ಕೆಮ್ಮು ಯಾರ ಮಾತನ್ನೂ ಕೇಳುವಂಥದ್ದಲ್ಲ. ಬಂತು, ನಿಲ್ಲಲಿಲ್ಲ, ಕಾವಲಿಯ ಅಂಚು ಹಿಡಿದು ಬಾಗುವಷ್ಟು ಬಂತು. ಬೆರಳು ಸುಟ್ಟಿತು.

ಆಚೆ ನಗು ನಿಂತಿತು.

“ಯಾರದು ಅದು ಕೆಮ್ಮುದು?” ವಸಂತಕುಮಾರರ ದನಿ.

“ಕೋಯೀ ನಹೀ ಪಪ್ಪಾ. ಪೀಛೇ ಕಾ ಸ್ಟಾಫ್.”

“ಯಾರಾದ್ರೂ ಆಗ್ಲಿ. ಕೆಮ್ಮುವವರನ್ನೆಲ್ಲ ಅಡುಗೆಗೆ ನಿಲ್ಲಿಸಬೇಡ ಮಾರಾಯ. ಕೇಳಿದವರಿಗೆ ಅಸಹ್ಯ ಆಗ್ತದೆ. ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡು.”

ಆಮೇಲೆ ತಟ್ಟೆಗಳ ಸದ್ದು, ಐಸ್‌ಕ್ರೀಮ್ ಎಲ್ಲಿ ಎಂದು ಯಾರೋ ಕೇಳಿದ್ದು. ಕಾವಲಿಯ ಬಟಾಟೆಯನ್ನು ತಿರುವಿ ಹಾಕುವ ಸಮಯ ಆಗಿತ್ತು. ಹಾಕಿದರು. ಒಲೆ ಆರಿಸಿದರು. ಎಲೆ ಉದುರಿಸಿದರು. ಕಿಂಡಿಯಲ್ಲಿ ತಟ್ಟೆ ಇಟ್ಟರು.

ಹೊರಡುವಾಗ ವಸಂತಕುಮಾರರ ಕಾರು ಹಿಂಬಾಗಿಲ ಪಕ್ಕದಲ್ಲೇ ನಿಂತಿತ್ತು. ನಮಸ್ಕಾರ ಮಾಡಲು ವೇದಾವತಿ ಹೋಗಲಿಲ್ಲ. ಟೆಂಪೋದ ಮುಂದಿನ ಸೀಟಿನಲ್ಲಿ ಕುಳಿತು, ಸುಟ್ಟ ಬೆರಳಿಗೆ ಉಳಿದ ಬೆಣ್ಣೆ ಸವರಿಕೊಂಡರು.

“ಅವ್ರಿಗೆ ನೀ ಅಂತ ಗೊತ್ತಿರಲಿಲ್ಲ ಬಿಡವ್ವಾ,” ಎಂದ ಜೈಭೀಮ.

“ಗೊತ್ತಿರ್ಲಿಲ್ಲ. ಗೊತ್ತಿದ್ರೆ ಹಾಗೆ ಹೇಳುವವರಲ್ಲ,” ಎಂದರು. ಬಹಳ ದೂರ ಹೋದ ಮೇಲೆ ಮತ್ತೆ ಹೇಳಿದರು. “ನನಗೆ ಹೇಳುದಿಲ್ಲ ಅಷ್ಟೇ. ಬೇರೆ ಯಾರೋ ಕೆಮ್ಮಿದ್ರೆ ಹೇಳಬಹುದು. ಅದು ಇಷ್ಟು ವರ್ಷ ನನಗೆ ಗೊತ್ತಿರ್ಲಿಲ್ಲ.”

ವಸಂತಕುಮಾರರ ಮೇಲೆ ಅವರಿಗೆ ಸಿಟ್ಟು ಬಂದಂತೆ ಕಾಣುವುದಿಲ್ಲ. ಎದೆಯ ಮೇಲಿನ ಒಂದು ಭಾರ ಜಾರಿದಂತೆ ಕಾಣುತ್ತದೆ. ಜಾರಿದ ಜಾಗ ಹಗುರವಾಗಿಲ್ಲ, ಬರಿದಾಗಿದೆ. ಋಣ ಎಂದುಕೊಂಡು ಎಷ್ಟೋ ಮಾತನ್ನು ನುಂಗಿದ್ದರು. ಕೊಟ್ಟವರಿಗೆ ತಾವು ಕೊಟ್ಟದ್ದೇ ಮರೆತಿರುವಾಗ ತಾನೊಬ್ಬಳೇ ಅದನ್ನು ಹೊತ್ತು ತಿರುಗುವುದು ಯಾವ ಶಾಸ್ತ್ರ ಎಂದು ಈಗ ಕೇಳುತ್ತಾರೆ.

ಕೌಶಲ್ ಇನ್ನೂ ಬೇರೆ ಯಾರನ್ನೂ ನೋಡಿಲ್ಲ. ಗೋಣಿ ತೂಗಲು, ಕಾವಲಿಯ ಮುಂದೆ ಕೈ ಕಟ್ಟಿ ನಿಲ್ಲಲು ಬೇರೆಯವರು ಸಿಗುವುದು ಕಷ್ಟ ಎಂದು ಅವನಿಗೂ ಗೊತ್ತು. ಧೂಪಾರತಿಗಳನ್ನು ಎಲೆಗೋಡೆಯ ಹಿಂದೆಯೇ ಈ ಕೊನೆಯಿಂದ ಆ ಕೊನೆಗೆ ಸರಿಸಿದ್ದಾನೆ. ಕೆಮ್ಮು ಕೇಳದಿರಲಿ ಎಂದು ಒಂದು ಸ್ಪೀಕರ್ ತಂದು ಖಾಲಿಯಾದ ಈ ಕೊನೆಗೆ ಇಟ್ಟಿದ್ದಾನೆ.

*

ಕೊನೆಯ ಚೀಲ ಉಜ್ಜಿ ಮುಗಿಯುವ ಹೊತ್ತಿಗೆ ಬಿಸಿಲೇರಿದೆ. ಬಟಾಟೆ ಬೇಯಲು ಇಟ್ಟು, ಬಸಿಯುವ ಕೆಲಸ ಜೈಭೀಮನಿಗೆ ಒಪ್ಪಿಸಿ, ವೇದಾವತಿ ಕೈ ತೊಳೆದು ಅಂಚೆ ಕಚೇರಿಗೆ ಹೊರಡುತ್ತಾರೆ. “ಬಸಿದು ಸುಮ್ಮನೆ ಬಿಡು. ಮುಟ್ಟಬೇಡ,” ಎಂದು ಬಾಗಿಲಲ್ಲಿ ತಿರುಗಿ ಹೇಳುತ್ತಾರೆ. “ಆತವ್ವಾ, ಮಲಗಿದ ಕೂಸು, ಗೊತ್ತೈತಿ,” ಎಂಬ ಉತ್ತರ ಒಳಗಿನಿಂದ ಬರುತ್ತದೆ.

ಕಾಗದವನ್ನು ನಿನ್ನೆ ಹೊಸದಾಗಿ ಬರೆದಿದ್ದಾರೆ. ಕ್ಷೇಮದ ಸಾಲು ಅದರಲ್ಲಿಲ್ಲ. ನಮಸ್ಕಾರದ ನಂತರ ನೇರವಾಗಿ ವಿಷಯ. ಸಾಂಬ್ರಾಣಿ ಎಂದರೆ ಗೆಡ್ಡೆ ಎಂದು ನಿಮಗೆ ಗೊತ್ತು, ನಿಮ್ಮ ಮಗನಿಗೆ ಹೇಳಿ. ಹೊಗೆ ತೆಗೆದರೆ ಬರುತ್ತೇನೆ, ಕೈಯಲ್ಲಾಗುವ ತನಕ ಮಾಡುತ್ತೇನೆ. ಹೊಗೆ ಇರುವುದಾದರೆ ಬರುವ ತಿಂಗಳಿನಿಂದ ನಾನಿಲ್ಲ. ಬೇಡಿಕೊಳ್ಳುತ್ತೇನೆ ಎಂಬ ಮಾತು ಹಿಂದಿನ ಕಾಗದದಲ್ಲಿ ಮೂರು ಕಡೆ ಇತ್ತು. ಇದರಲ್ಲಿ ಎಲ್ಲಿಯೂ ಇಲ್ಲ. ಕಟ್ಟಕಡೆಗೆ, ಸಹಿಗಿಂತ ಮೇಲೆ, ಒಂದು ಸಾಲು ಹೊಸತು:

‘ವಾಶಿಯಲ್ಲಿ ಅವತ್ತು ಕೆಮ್ಮಿದ್ದು ನಾನು.’

ಅಂಚೆ ಕಚೇರಿಯ ಕಿಟಕಿ ಆಗಷ್ಟೇ ತೆರೆದಿದೆ. ಒಳಗಿನ ಹೆಣ್ಣುಮಗಳು ಲಕೋಟೆಯನ್ನು ತೂಕಕ್ಕೆ ಹಾಕುತ್ತಾಳೆ, ಸಾನಪಾಡಾದ ವಿಳಾಸ ಓದುತ್ತಾಳೆ, ತಿರುಗಿಸಿ ನೋಡುತ್ತಾಳೆ. ಹಿಂಬದಿ ಖಾಲಿ.

“ಪಾಠವಣಾರಾಚಂ ನಾವ್?”

ಕಳಿಸುವವರ ಹೆಸರು. ವೇದಾವತಿ ಪೆನ್ನು ಕೇಳಿ ಪಡೆದು, ಲಕೋಟೆಯನ್ನು ಕಟ್ಟೆಯ ಮೇಲಿಟ್ಟು, ಇನ್ನೂ ಪೂರ್ತಿ ಮಾಯದ ಬೆರಳಿಗೆ ತಾಗದಂತೆ ಪೆನ್ನು ಹಿಡಿದು, ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಅವಳು ಕತ್ತು ಓರೆ ಮಾಡಿ ನೋಡಿ, ಇದ್ಯಾವ ಭಾಷೆ, ಮರಾಠಿಯಲ್ಲಿ ಬರೆಯಿರಿ ಎನ್ನುತ್ತಾಳೆ.

“ತೀಹೀ ಲಿಹಿತೇ,” ಎನ್ನುತ್ತಾರೆ ವೇದಾವತಿ. ಅದನ್ನೂ ಬರೆಯುತ್ತೇನೆ. ಕನ್ನಡದ ಹೆಸರನ್ನು ಹೊಡೆದು ಹಾಕದೆ, ಅದರ ಕೆಳಗೆ, ಅಷ್ಟೇ ದಪ್ಪಗೆ ಬರೆದು ಕೊಡುತ್ತಾರೆ. ಮುದ್ರೆ ಬೀಳುತ್ತದೆ. ಲಕೋಟೆ ಹಿಂದಿನ ಚೀಲಕ್ಕೆ ಹೋಗಿ ಬೀಳುವವರೆಗೂ ಅವರು ಕಿಟಕಿ ಬಿಟ್ಟು ಕದಲುವುದಿಲ್ಲ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದ ಮೇಲೂ.